ಗೀಸರಿಗೆ ಕಟ್ಟಿದ ಮಾಲಿಂಗನ ಬಳ್ಳಿ

ನವೆಂಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹೊಸದುರ್ಗದ ನಮ್ಮ ಮನೆಯ ನೀರೊಲೆಯ ಮುಂದೆ ಕುಳಿತು ಬರೆಯಲು ಶುರು ಮಾಡಿದ್ದೇನೆ. ಹಂಡೆಯಲ್ಲಿ ನೀರು ಕಾಯುತ್ತಿದೆ. ಎಷ್ಟು ಡಿಗ್ರಿ ಎಂದು ಇವತ್ತು ನೋಡಿಲ್ಲ. ನನ್ನಂಥವನಿಗೆ ಇದು ಸಣ್ಣ ತ್ಯಾಗವಲ್ಲ.

ನನಗೆ ಎಲ್ಲವನ್ನೂ ಎಣಿಸಿ ಬರೆದಿಡುವ ಚಟವಿದೆ. ಕೆಲಸ ಹೊಳಲ್ಕೆರೆಯ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ. ಬಸ್ಸು ಎಷ್ಟು ನಿಮಿಷ ತಡವಾಯಿತು, ಹೋದ ತಿಂಗಳು ಕಿಟಕಿ ಪಕ್ಕದ ಸೀಟು ಎಷ್ಟು ಸಲ ಸಿಕ್ಕಿತು (ಆರು ಸಲ), ಅಮ್ಮ ಒಂದೇ ದಿನ 'ಊಟ ಆರಿಹೋಗುತ್ತೆ' ಎಂದು ಎಷ್ಟು ಸಲ ಕೂಗಿದಳು, ಎಲ್ಲವೂ ನನ್ನ ಡೈರಿಯಲ್ಲಿದೆ. ಇಂಥವನ ಕೈಗೆ ಮನೆಯವರು ಒಂದು ಗೀಸರ್ ಆರಿಸುವ ಕೆಲಸ ಕೊಟ್ಟರು. ತಪ್ಪು ಅವರದೂ ಇದೆ.

ಗೀಸರ್ ಬೇಕಾಗಿದ್ದುದು ಅಕ್ಕನಿಗೆ. ಭಾವ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಈ ವರ್ಷ ಹೊನ್ನಾವರದ ಕಡೆಗೆ ವರ್ಗವಾಗಿ, ಸಮುದ್ರಕ್ಕೆ ನೂರಾಹನ್ನೆರಡು ಹೆಜ್ಜೆ ದೂರದಲ್ಲಿ (ನನ್ನ ಹೆಜ್ಜೆ) ಬಾಡಿಗೆ ಮನೆ ಹಿಡಿದಿದ್ದರು. ಅಜ್ಜಿ ಸಮುದ್ರ ನೋಡಿಲ್ಲ, ದೀಪಾವಳಿಗೆ ಅವಳನ್ನು ಅಲ್ಲಿಗೇ ಕರೆದುಕೊಂಡು ಬಾ ಎಂದು ಅಕ್ಕ ಹಟ ಹಿಡಿದಳು. ಅಜ್ಜಿ ಕೇಳಿದ್ದು ಒಂದೇ ಮಾತು.

"ಬಿಸಿನೀರು ಐತೇನೋ ಅಲ್ಲಿ?"

"ಇಲ್ಲ ಅಜ್ಜಿ, ಹಾಕಿಸ್ಬೇಕು."

"ಹಾಕಿಸ್ರಿ, ಆಮ್ಯಾಲೆ ಕರೀರಿ. ಎಣ್ಣೆ ಹಚ್ಕಂಡು ತಣ್ಣೀರು ಹುಯ್ಕಳಕ್ಕೆ ನನಗೇನು ಗ್ರಾಚಾರ ಬಂದೈತಾ? ನೀರು ಸರಿಯಿಲ್ಲ ಅಂದ್ರೆ ಅವತ್ತೇ ವಾಪಸ್ ಬಸ್ ಹತ್ತೋಳೇ ನಾನು."

ಅಜ್ಜಿ ಹೇಳಿದ್ದನ್ನು ಮಾಡುವವಳು. ಒಮ್ಮೆ ಚಿತ್ರದುರ್ಗದ ಮದುವೆಯೊಂದರಲ್ಲಿ ಸ್ನಾನದ ನೀರು ಉಗುರುಬೆಚ್ಚಗಿತ್ತೆಂದು ಧಾರೆಗೂ ನಿಲ್ಲದೆ ಬಂದವಳು. ಹಾಗಾಗಿ ನಾನು ಮೊದಲು ಅವಳ 'ಬಿಸಿ' ಎಂದರೆ ಎಷ್ಟು ಎಂದು ತಿಳಿಯಲು ಹೊರಟೆ. "ಕೈ ಇಟ್ರೆ ಸುರ್ ಅನ್ನಬೇಕು" ಎಂದಳು. ಕಾಲೇಜಿನಿಂದ ಥರ್ಮಾಮೀಟರ್ ತಂದು ಹನ್ನೊಂದು ದಿನ ಅವಳ ಬಕೆಟ್ಟಿಗೆ ಅದ್ದಿದೆ. ಸುರ್ ಎಂದರೆ ಸರಾಸರಿ ನಲವತ್ತನಾಲ್ಕು ಡಿಗ್ರಿ. ಹನ್ನೆರಡನೆಯ ದಿನ ಅಜ್ಜಿ, "ಜ್ವರ ನನಗೋ ನೀರಿಗೋ?" ಎಂದು ಬಚ್ಚಲ ಬಾಗಿಲು ಹಾಕಿಕೊಂಡಳು.

ಆಮೇಲೆ ಪಟ್ಟಿ. ನಾಲ್ಕು ಸಾಲು, ಎಂಟು ಕಾಲಂ. ಸೋಲಾರ್ ಬೇಡವಾಯಿತು, ಉಪ್ಪು ಗಾಳಿಗೆ ಕಬ್ಬಿಣವೆಲ್ಲ ಕರಗುವ ಜಾಗ ಅದು, ಮೇಲಾಗಿ ನಾಲ್ಕು ತಿಂಗಳು ಮೋಡ. ಗ್ಯಾಸ್ ಗೀಸರಿಗೆ ಅಲ್ಲಿನ ಬಚ್ಚಲಲ್ಲಿ ಕಿಟಕಿಯೇ ಇಲ್ಲ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಎಂದರೆ ಭಾವ ಫೋನಿನಲ್ಲೇ ಕೈ ಮುಗಿದರು. ದಿನವಿಡೀ ಕಂಬದ ಮೇಲಿರುವ ಮನುಷ್ಯನಿಗೆ ಬಕೆಟ್ಟಿನೊಳಗಿನ ಕರೆಂಟ್ ಕಂಡರೆ ಜೀವಭಯ. ಕೊನೆಗೆ ಉಳಿದದ್ದು ಗೋಡೆಗೆ ಹಾಕುವ ಇಪ್ಪತ್ತೈದು ಲೀಟರಿನ ಕರೆಂಟ್ ಗೀಸರ್. ಉಪ್ಪುನೀರು ತಿನ್ನದಂತೆ ಒಳಗೆ ಗಾಜಿನ ಲೇಪ, ತುಕ್ಕು ಹಿಡಿಯದಂತೆ ಹೊರಗೆ ಪ್ಲಾಸ್ಟಿಕ್. ಚಿತ್ರದುರ್ಗದ ಅಂಗಡಿಯವನು ನನ್ನ ಪಟ್ಟಿಯನ್ನು ಎರಡು ಸಲ ಓದಿದ.

"ಸಮುದ್ರದ ದಂಡಿಗೆ ಗೀಸರ್ರಾ ಸಾರ್? ಅಲ್ಲಿಗೆ ಕೂಲರ್ ಒಯ್ತಾರೆ ಎಲ್ಲಾರೂ!"

ಅವನ ಮಾತನ್ನು ನಾನು ಯಾವ ಕಾಲಮ್ಮಿನಲ್ಲೂ ಬರೆದುಕೊಳ್ಳಲಿಲ್ಲ.

ಗೀಸರ್ ಮುಂಚೆಯೇ ಲಾರಿಯಲ್ಲಿ ಹೋಗಿ, ಭಾವ ಅದನ್ನು ಗೋಡೆಗೆ ಹಾಕಿಸಿದ್ದರು. ಅಜ್ಜಿಯೂ ನಾನೂ ಹೋದದ್ದು ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬಕ್ಕೆ. ಅವತ್ತು ಸಂಜೆ ಹಂಡೆ ಬೆಳಗಿ, ನೀರು ತುಂಬಿ, ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ ಪೂಜೆ ಮಾಡಬೇಕು. ಮರುದಿನ ಬೆಳಗಿನ ಜಾವ ಆ ನೀರಲ್ಲೇ ಎಣ್ಣೆಸ್ನಾನ. ಬಳ್ಳಿಯನ್ನು ಅಜ್ಜಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಜೊತೆಗೆ ಗೀಸರ್ ಕೈಕೊಟ್ಟರೆ ಇರಲಿ ಎಂದು ಅರ್ಧ ಚೀಲ ತೆಂಗಿನ ಚಿಪ್ಪು. ಸುತ್ತ ತೆಂಗಿನ ಮರಗಳೇ ನಿಂತಿರುವ ಊರಿನಲ್ಲಿ ಆ ಚೀಲ ಹೊತ್ತು ಬಸ್ ಇಳಿದವನು ನಾನು.

"ಹಂಡೆ ಎಲ್ಲಿ?" ಎಂದಳು ಅಜ್ಜಿ. ಭಾವ ಬಚ್ಚಲ ಗೋಡೆಯ ಮೇಲ್ತುದಿಗೆ ಬೆರಳು ತೋರಿಸಿದರು.

"ಅಯ್ಯೋ ಶಿವನೇ, ಅಟ್ಟ ಹತ್ತಿ ಕುಂತೈತಲ್ಲ! ಹತ್ರಿ ಅಳಿಯಂದ್ರೇ, ನೀವು ಕಂಬ ಹತ್ತೋರು."

ಭಾವ ಸ್ಟೂಲು ಹತ್ತಿ ಗೀಸರಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಮೂರು ಸುತ್ತು ಬಳ್ಳಿ ಕಟ್ಟಿದರು. ಅಕ್ಕ ಕೆಳಗಿನಿಂದಲೇ ಆರತಿ ಎತ್ತಿದಳು. ಹೊಟ್ಟೆ ತುಂಬ ನಕ್ಕೆವು. ಬೆಳಗಿನ ಜಾವ ನಾಲ್ಕೂವರೆಗೆ ನಾನೇ ಸ್ವಿಚ್ ಹಾಕಿದೆ. ಐದಕ್ಕೆ ಅಜ್ಜಿ ಎಲ್ಲರ ತಲೆಗೂ ಎಣ್ಣೆ ಒತ್ತಿ, ಮೊದಲು ತಾನೇ ಬಚ್ಚಲಿಗೆ ಹೋದಳು. ಬಾಗಿಲಾಚೆ ನಾನು ಗಡಿಯಾರ ನೋಡುತ್ತಾ ನಿಂತಿದ್ದೆ. ಶಿವಮೊಗ್ಗದ ಮೇಲೆ ನಮ್ಮೂರ ಕಡೆಗೆ ಹೋಗುವ ಮೊದಲ ಬಸ್ ಆರೂಕಾಲಿಗಿತ್ತು. ಅದನ್ನೂ ಬರೆದಿಟ್ಟುಕೊಂಡಿದ್ದೆ.

ಅಜ್ಜಿ ತಲೆ ಒರೆಸಿಕೊಳ್ಳುತ್ತಾ ಬಂದಳು. "ಹದವಾಗೈತೆ ಕಣ್ರೋ. ಜಲ್ದಿ ಹೋಗ್ರಿ."

ಅಕ್ಕ ಹೋಗಿ ಬಂದು ದೀಪ ಹಚ್ಚಲು ನಡೆದಳು. ಭಾವ ಬಂದು, "ಭಾರಿ ಚೆನ್ನಾಗೈತಪ್ಪ ನಿನ್ ಗೀಸರ್" ಎಂದು ಬೆನ್ನು ತಟ್ಟಿದರು. ಕೊನೆಗೆ ನಾನು ಥರ್ಮಾಮೀಟರ್ ಹಿಡಿದು ಒಳಗೆ ಹೋದೆ. ಇಪ್ಪತ್ತೆಂಟು ಡಿಗ್ರಿ. ಒರೆಸಿ ಮತ್ತೆ ಅದ್ದಿದೆ. ಇಪ್ಪತ್ತೆಂಟೇ. ಕೆಂಪು ದೀಪದ ಮೇಲಿದ್ದ ಎಲೆ ಸರಿಸಿದರೆ ದೀಪ ಹತ್ತಿರಲೇ ಇಲ್ಲ. ಹಿಂದಿನ ಸಂಜೆ ಬಳ್ಳಿ ಕಟ್ಟುವ ಮುಂಚೆ ಭಾವ, ಒದ್ದೆ ಕೈಯೆಂದು, ಮೀಟರ್ ಬೋರ್ಡಿನಲ್ಲೇ ಗೀಸರಿನ ಲೈನ್ ಆಫ್ ಮಾಡಿದ್ದರು. ಮತ್ತೆ ಹಾಕುವುದು ಮರೆತಿದ್ದರು. ನಾಲ್ಕು ಜನ ಮಿಂದದ್ದು ತಾರಸಿಯ ಟ್ಯಾಂಕಿನ ಬರೀ ನೀರಿನಲ್ಲಿ.

ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ. "ಗೊತ್ತಾತು ಕಣೋ," ಎಂದು ಪಿಸುಗುಟ್ಟಿದಳು, "ಬಾಯಿ ಬಿಟ್ರೆ ಅಜ್ಜಿ ಬಸ್ ಹತ್ತಿಬಿಡ್ತಾಳೆ ಅಂತ ಸುಮ್ಕಿದ್ದೆ." ಭಾವನದೂ ಅದೇ ಉತ್ತರ.

ಒಂಬತ್ತಕ್ಕೆ ನಾವು ಸಮುದ್ರಕ್ಕೆ ಹೋದೆವು. ಅಜ್ಜಿ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಪ್ರತಿ ತೆರೆಗೂ "ಬಂತ್ ನೋಡು, ಬಂತ್ ನೋಡು" ಎಂದು ಕೂಗುತ್ತಿದ್ದಳು. ಹನ್ನೆರಡು ತೆರೆಯಾದ ಮೇಲೆ ನನಗೆ ತಡೆಯಲಾಗಲಿಲ್ಲ. ಒಪ್ಪಿಕೊಂಡುಬಿಟ್ಟೆ.

"ಹೊಗೆನೇ ಆಡ್ಲಿಲ್ಲ, ನನಗೆ ಗೊತ್ತಾಗಲ್ವೇನ್ಲೇ?" ಎಂದು ಅಜ್ಜಿ ನಕ್ಕಳು. "ಬಸ್ ಇಳಿದಾಗ್ಲೇ ಬೆವರು ಕಿತ್ಕಂಡು ಬಂತು. ಈ ಸೆಕಿಗೆ ಬಿಸಿನೀರು ಯಾವನಿಗೆ ಬೇಕು! ನೀನು ಹನ್ನೊಂದು ದಿನ ನನ್ ಬಕೀಟಿಗೆ ಕಡ್ಡಿ ಅದ್ದಿದೋನು, ಪಾಪ ಅನ್ನಿಸ್ತು, ಸುಮ್ಕಾದೆ. ಬರ್ಕೊ, ನಲವತ್ನಾಕು ಅಂತ್ಲೇ ಬರ್ಕೊ."

ಡೈರಿಯಲ್ಲಿ ಸುಳ್ಳು ಬರೆಯುವವನಲ್ಲ ನಾನು. ಇಪ್ಪತ್ತೆಂಟೆಂದೇ ಬರೆದು, ಪಕ್ಕದಲ್ಲಿ 'ಅಜ್ಜಿಯ ಪ್ರಕಾರ ಹದ' ಎಂದು ಸೇರಿಸಿದೆ. ಆಮೇಲೆ ಹಳೆಯ ಪಟ್ಟಿ ತೆಗೆದು ನೋಡಿದರೆ, ಎಂಟು ಕಾಲಮ್ಮುಗಳಲ್ಲಿ 'ಬೇಕೇ?' ಎಂಬುದು ಒಂದೂ ಇರಲಿಲ್ಲ.

ಗೀಸರ್ ಈಗಲೂ ಅಲ್ಲೇ ಇದೆ, ಬಳ್ಳಿ ಒಣಗಿದೆಯಂತೆ. ಮುಂದಿನ ದೀಪಾವಳಿಯೂ ಅಲ್ಲೇ ಎಂದು ಅಜ್ಜಿ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಕಡಲ ದಂಡೆಯಲ್ಲಿ ವರ್ಷಕ್ಕೆ ಎಷ್ಟು ದಿನ ನಿಜವಾಗಿ ಬಿಸಿನೀರು ಬೇಕಾಗುತ್ತದೆ ಎಂದು ಅಲ್ಲಿ ಬಾಳಿದವರು ಯಾರಾದರೂ ದಯವಿಟ್ಟು ಬರೆದು ತಿಳಿಸಿ. ಒಂಬತ್ತನೆಯ ಕಾಲಂ ಎಳೆದು ಇಟ್ಟುಕೊಂಡಿದ್ದೇನೆ.