ಅವ್ವನಿಗೊಂದು ಒತ್ತಕ್ಷರ

ಒಂದು ಗುಟ್ಟು ಹೇಳಿಬಿಡುತ್ತೇನೆ, ಊರ ತುಂಬ ಸಾರಬೇಡಿ. ಸಿಂದಗಿಯ ಬಸ್ ನಿಲ್ದಾಣದ ಎದುರು ಕುಳಿತು ಇಪ್ಪತ್ತೈದು ವರ್ಷಗಳಿಂದ ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಕಟ್ಟುತ್ತಿದ್ದೇನೆ. ಅವುಗಳಲ್ಲಿ ಒಂದನ್ನೂ ಓದಿಲ್ಲ. ಮಿಠಾಯಿ ಮಾಡುವವನು ಮಿಠಾಯಿ ತಿನ್ನುತ್ತಾನೆಯೇ? ಅಕ್ಷರಗಳನ್ನು ಕಣ್ಣಿಗೆ ಚಂದ ಕಾಣುವಂತೆ ಕೂಡಿಸುವುದು ನನ್ನ ಕೆಲಸ, ಅಂಗಡಿಯ ಹೆಸರೇ ‘ಸೊಬಗು’. ಒಮ್ಮೆ ಮುದ್ದೇಬಿಹಾಳದ ವರ, ಮನಗೂಳಿಯ ವಧು, ಅವರ ಲಗ್ನಪತ್ರಿಕೆಯಲ್ಲಿ ವರನ ಹೆಸರಿರಬೇಕಾದ ಕಡೆ ಅವನ ಸೋದರಮಾವನ ಹೆಸರು ಕೂತುಬಿಟ್ಟಿತ್ತು. ಮದುವೆ ಮುಗಿಯುವ ತನಕ ಯಾರೂ ಗಮನಿಸಲಿಲ್ಲ. ಎಲ್ಲರೂ ಬಳ್ಳಿಯ ಅಂಚು ನೋಡಿ ‘ಭಾರಿ ಆಗೈತಿ’ ಎಂದು ಹೊಗಳಿದ್ದೇ ಹೊಗಳಿದ್ದು. ಓದುವವರೇ ಇಲ್ಲದ ಮೇಲೆ ನಾನೊಬ್ಬ ಓದಿ ಏನು ಮಾಡಲಿ ಎಂದು ಆವತ್ತೇ ತೀರ್ಮಾನಿಸಿದೆ.

ಹೀಗೆ ಸುಖವಾಗಿದ್ದ ನನ್ನ ಬಾಳಿಗೆ ಗೌರಾ ಅಕ್ಕೋರು ಬಂದರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಇವರು ಹೂವಿನ ಹಿಪ್ಪರಗಿಯಲ್ಲಿ ಕನ್ನಡ ಕಲಿಸುವವರು, ಹುಟ್ಟಿನಿಂದ ಕಣ್ಣು ಕಾಣದು. ಲಚ್ಯಾಣದಲ್ಲಿದ್ದ ಅವರ ಅವ್ವ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳನ್ನೆಲ್ಲ (ನಮ್ಮ ಕಡೆ ಹಾಡಿಗೆ ಪದ ಎನ್ನುತ್ತಾರೆ) ನೆನಪಿನಿಂದ ಹೇಳಿ ಬರೆಸಿದ್ದರು. ತಿಂಗಳ ಕೊನೆಗೆ ಅವರ ನಿವೃತ್ತಿ, ಅಂದೇ ಪುಸ್ತಕದ ಬಿಡುಗಡೆ. ನಾನು ಪುಟ ಕಟ್ಟಿ, ಪಿಡಿಎಫ್ ಮಾಡಿ, ಅವರ ಫೋನಿಗೆ ಕಳಿಸಿದೆ.

ಮರುದಿನ ಮುಂಜಾನೆಯ ಬಸ್ಸಿಗೇ ಅಕ್ಕೋರು ಹಾಜರ್. ಕುರ್ಚಿಯಲ್ಲಿ ಕೂತು ಅಕ್ಷರ ಓದಿ ಹೇಳುವ ಫೋನನ್ನು ನನ್ನ ಮೇಜಿನ ಮೇಲಿಟ್ಟು, “ಸ್ವಲ್ಪ ಕೇಳ್ರಿ” ಎಂದರು. ಪುಸ್ತಕದ ಮೊದಲ ಸಾಲು ‘ನನ್ನವ್ವಗ’ ಎಂದಿತ್ತು. ಫೋನು ಗಂಭೀರವಾಗಿ ಓದಿತು: “ಪೌಂಡ್... ಎ... ಪೌಂಡ್... ಎ...”

“ಯಾಕ್ರಿ, ನಮ್ಮವ್ವ ಏನ್ ವಿಲಾಯತಿಯಿಂದ ಬಂದಾಕಿ ಏನ್ರಿ?” ಎಂದರು ಅಕ್ಕೋರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಹೆಚ್ಚಾಗಿ ತಪ್ಪು ನನ್ನದೇ ಆಗಿದ್ದಾಗ. “ನಿಮ್ಮ ಫೋನ್ ಕೆಟ್ಟೈತ್ರಿ ಅಕ್ಕೋರ” ಎಂದೆ. ಅವರು ಮೊಮ್ಮಗಳು ಕಳಿಸಿದ್ದ ಒಂದು ಸಂದೇಶ ಓದಿಸಿದರು. ಫೋನು ಮಲ್ಲಿಗೆ ಹೂವಿನಂಥ ಕನ್ನಡ ಓದಿತು. ಅಲ್ಲಿಗೆ ಕೆಟ್ಟಿದ್ದು ಫೋನಲ್ಲ ಎಂದು ಖಾತ್ರಿಯಾಯಿತು.

ಸಂಗತಿ ಏನೆಂದರೆ, ನನ್ನ ಹಳೆಯ ಅಕ್ಷರಗಳು ಪರದೆಯ ಮೇಲೆ ಕನ್ನಡ, ಒಳಗೆಲ್ಲ ಇಂಗ್ಲಿಷ್. ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ಅಂಗಿ ತೊಡಿಸಿದ್ದಷ್ಟೇ. ‘ನ’ಕಾರದ ಅಂಗಿ ಬಿಚ್ಚಿದರೆ ಒಳಗೆ ಪೌಂಡಿನ ಗುರುತು ಕೂತಿರುತ್ತದೆ! ಮೇಲೆ ಥಳಕು, ಒಳಗೆ ಹುಳುಕು ಎಂದು ಹಿರಿಯರು ಹೇಳಿದ್ದು ನನ್ನ ಅಂಗಡಿ ನೋಡಿಯೇ ಇರಬೇಕು. ಕಣ್ಣಿದ್ದವರು ಅಂಗಿ ನೋಡಿ ಮೋಸಹೋಗುತ್ತಾರೆ. ಫೋನಿಗೆ ಅಂಗಿ ಕಾಣುವುದಿಲ್ಲ.

“ಅಕ್ಕೋರ, ಹೆಂಗೂ ಅಚ್ಚಾಗೂ ಪುಸ್ತಕ ಅಲ್ಲೇನ್ರಿ. ಯಾರರೆ ಓದಿ ಹೇಳ್ತಾರ ಬಿಡ್ರಿ” ಎಂದು ಜಾರಿಕೊಳ್ಳಲು ನೋಡಿದೆ.

ಅಕ್ಕೋರು ಮೇಜಿನ ಮೇಲಿದ್ದ ಫೋನನ್ನು ಕೈಗೆತ್ತಿಕೊಂಡರು. “ಜೀವನದಾಗ ಭಾಳ ಪುಸ್ತಕ ಇನ್ನೊಬ್ಬರ ಬಾಯಿಂದ ಓದೇನ್ರಿ. ಅವರು ಬ್ಯಾಸರಾದ್ರ ಪುಟ ಹಾರಸ್ತಾರ, ನನಗ ಗೊತ್ತಾಗ್ತೈತಿ, ಸುಮ್ಮನಿರ್ತೇನಿ. ನಮ್ಮವ್ವನ ಪುಸ್ತಕ ಒಂದ ನಾನ ಓದಬೇಕ್ರಿ. ಯಾರನೂ ಕೇಳದ, ನನಗ ಬೇಕಾದ ಪದಕ್ಕ ನಾನ ಹೋಗಿ ಓದಬೇಕು.”

‘ಮಾಡ್ತೇನ್ರಿ’ ಎಂದುಬಿಟ್ಟೆ.

ಮಾಡಲು ಕೂತಾಗ ನನ್ನ ಬಂಡವಾಳ ಬಯಲಾಯಿತು. ಹಳೆಯ ಅಕ್ಷರಗಳನ್ನು, ಒಳಗೂ ಕನ್ನಡವೇ ಆಗಿರುವ ಯೂನಿಕೋಡಿಗೆ ಬದಲಿಸಿದರೆ ಅರ್ಕಾವತ್ತುಗಳೆಲ್ಲ ಜಾತ್ರೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ ಸಿಕ್ಕವರ ಬೆನ್ನು ಹತ್ತಿದ್ದವು. ನನ್ನ ಪುಟ ಕಟ್ಟುವ ತಂತ್ರಾಂಶದ ಹೊಸ ಆವೃತ್ತಿಯಲ್ಲಿ, ಕಣ್ಣು ಕಾಣದವರಿಗೂ ಓದಲು ಬರುವ ಕಡತ ಹೇಗಿರಬೇಕೆಂಬ ನಿಯಮಗಳನ್ನು ಇಟ್ಟುಕೊಂಡು ತಪ್ಪು ಹುಡುಕುವ ಒಂದು ಏರ್ಪಾಟು ಇದೆ. ಒತ್ತಿ ನೋಡಿದೆ. ಶಾಲೆಗೆ ಸಾಹೇಬರು ತಪಾಸಣೆಗೆ ಬಂದಂತೆ ಪಟ್ಟಿ ಕೊಟ್ಟಿತು: ಶೀರ್ಷಿಕೆಗಳಿಲ್ಲ, ಭಾಷೆ ಯಾವುದೆಂದು ಹೇಳಿಲ್ಲ, ಚಿತ್ರಕ್ಕೆ ವಿವರಣೆಯಿಲ್ಲ. ಶೀರ್ಷಿಕೆ ಇಲ್ಲವೇ? ಅಷ್ಟು ದಪ್ಪಗೆ ಬರೆದಿದ್ದೇನೆ! ದಪ್ಪಗಾದರೆ ಸಾಲದಂತೆ, ‘ಇದು ಶೀರ್ಷಿಕೆ’ ಎಂದು ಬಾಯಿಬಿಟ್ಟು ಗುರುತು ಹಾಕಬೇಕಂತೆ. ಆಗಲೇ ಓದುವವರು ಬೇಕಾದ ಪದಕ್ಕೆ ನೇರ ಹಾರಬಹುದು. ಆ ಗುರುತಿನ ಪಟ್ಟಿ ನನ್ನ ಪರದೆಯ ಬಲಗಡೆ ಮೊದಲಿನಿಂದಲೂ ಇತ್ತು. ಜಾಗ ತಿನ್ನುತ್ತದೆಂದು ನಾನೇ ಮುಚ್ಚಿಟ್ಟಿದ್ದೆ.

ಅಕ್ಕೋರನ್ನು ಕರೆಸಿ ಎರಡನೆಯ ಸಲ ಕೇಳಿಸಿದಾಗ ಕನ್ನಡವೇನೋ ಬಂತು. ಆದರೆ ಒಂದು ಪದ ನಡುವೆ ಕಡಿದು ಫೋನು ಘೋಷಿಸಿತು: “ಸೊಬಗು, ಬಸ್ ನಿಲ್ದಾಣದ ಎದುರು, ಸಿಂದಗಿ.” ಪ್ರತಿ ಪುಟದ ಅಡಿಯಲ್ಲಿ ನನ್ನ ಅಂಗಡಿಯ ಹೆಸರು ಸಣ್ಣಗೆ ಹಾಕುವುದು ನನ್ನ ಹಳೇ ಚಟ.

“ನಮ್ಮವ್ವ ಬೀಸೂ ಮುಂದ ನಿಮ್ಮ ಅಂಗಡಿ ಯಾಕ ಬಂತ್ರಿ ನಡುವ?” ಎಂದು ಅಕ್ಕೋರು ನಕ್ಕರು. ನಾನು ಕಿವಿ ಕೆಂಪಾಗಿಸಿಕೊಂಡು ಆ ಸಾಲಿಗೆ ‘ಅಲಂಕಾರ, ಓದಬೇಡ’ ಎಂದು ಗುರುತು ಹಾಕಿದೆ. ಮನೆಯಲ್ಲಿ ಹೇಳಿದರೆ ನಮ್ಮಾಕೆ, “ಇಷ್ಟು ವರ್ಷ ನಾ ಹೇಳಿದ್ದ ಕೇಳಲಿಲ್ಲ. ಈಗ ಫೋನ್ ಹೇಳಿದ್ದ ಕೇಳಾಕತ್ತೀರಿ, ಚಲೋ ಆತು” ಎಂದಳು.

ಉಳಿದಿದ್ದು ಒಂದೇ ಚಿತ್ರ, ಅವ್ವನ ಫೋಟೊ. ವಿವರಣೆಯ ಜಾಗದಲ್ಲಿ ‘ಫೋಟೊ’ ಎಂದು ಬರೆದಿದ್ದೆ. ಮತ್ತೆ ಬಂದ ಅಕ್ಕೋರು ಅದನ್ನು ಕೇಳಿಸಿಕೊಂಡು ಅಂದರು:

“ಫೋಟೊ ಅನ್ನೂದು ನನಗೂ ಗೊತ್ತೈತ್ರಿ. ಅದರಾಗ ಏನೈತಿ? ಸಣ್ಣಾಕಿ ಇದ್ದಾಗಿಂದ ಕಂಡಕಂಡವರನ್ನ ಕೇಳೇನಿ. ಎಲ್ಲಾರೂ ‘ಚಲೋ ಬಂದೈತಿ’ ಅಂತಾರ, ಮುಂದ ಹೇಳಂಗಿಲ್ಲ.”

ನಾನೂ ನಾಲಿಗೆ ತುದಿಗೆ ಬಂದಿದ್ದ ‘ಚಲೋ ಬಂದೈತ್ರಿ’ಯನ್ನು ನುಂಗಿಕೊಂಡೆ. ಆ ಫೋಟೊದ ಕಲೆ ತೆಗೆದಿದ್ದೆ, ಅಂಚು ಕತ್ತರಿಸಿದ್ದೆ, ಬೆಳಕು ಹೆಚ್ಚಿಸಿದ್ದೆ, ನೋಡಿರಲಿಲ್ಲ. ಈಗ ನೋಡಿದೆ. ನೋಡಿ, ಅಕ್ಕೋರಿಗೆ ಏನೂ ಹೇಳದೆ, ನಾಲ್ಕು ಸಾಲು ಬರೆದೆ. ಇಪ್ಪತ್ತೈದು ವರ್ಷಗಳಲ್ಲಿ ಒಂದು ಪುಸ್ತಕದೊಳಗೆ ನಾನಾಗಿ ಬರೆದ ಮೊದಲ ಸಾಲುಗಳು ಅವು.

ಆಮೇಲೆ ಅಕ್ಕೋರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇಡೀ ಪುಸ್ತಕ ಓದಿದರು. ನಾನು ಪರೀಕ್ಷೆ ಬರೆದವನಂತೆ ಎದುರು ಕೂತಿದ್ದೆ. ಒಂದೊಂದು ಪದಕ್ಕೆ ಅವರ ಬಲಗೈ ತಾನೇ ಬೀಸುಕಲ್ಲು ತಿರುಗಿಸಿದಂತೆ ಆಡುತ್ತಿತ್ತು. ಬೇಕಾದಲ್ಲಿಗೆ ಹಾರಿದರು, ಹಿಂದೆ ಬಂದರು, ಮತ್ತೆ ಓದಿದರು. ಫೋಟೊ ಬಂದಾಗ ಕೈ ನಿಂತಿತು. ಮೂರು ಸಲ ಕೇಳಿದರು. ಕಣ್ಣೀರು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟರು.

“ಅಂದ್ರ ಆಕಿ ಕ್ಯಾಮೆರಾ ನೋಡಿಲ್ಲೇನ್ರಿ?”

“ಇಲ್ರಿ ಅಕ್ಕೋರ. ಒಂದ ಕೈ ಬೀಸೂಕಲ್ಲಿನ ಮ್ಯಾಲೈತಿ. ಮಾರಿ ಮಾತ್ರ ಬಾಜೂಕ ಕೂತ ಸಣ್ಣಾಕಿ ಕಡೆ, ನಿಮ್ಮ ಕಡೆ ಐತಿ.”

ಕೊನೆಯ ಪದವನ್ನೂ ಓದಿ ಮುಗಿಸಿ ಇಯರ್‌ಫೋನ್ ತೆಗೆದರು. “ಇಡೀ ಪುಸ್ತಕದಾಗ ಒಂದ ತಪ್ಪ ಸಿಕ್ತ್ರಿ.”

“ಎಲ್ಲಿ?”

“ನೀವು ಬರದಿದ್ರಾಗ. ‘ಅವ್ವ ಮಗಳನ್ನು ನೋಡುತ್ತಿದ್ದಾಳೆ’ ಅಂತ ಇರಬೇಕು. ನೀವು ‘ಅವ ಮಗಳನ್ನು ನೋಡುತ್ತಿದ್ದಾಳೆ’ ಅಂತ ಬರದೀರಿ. ಒಂದ ಒತ್ತ ಬಿಟ್ಟ ನಮ್ಮವ್ವನ್ನ ಗಂಡಸ ಮಾಡೀರಲ್ರಿ! ವಕಾರಕ್ಕ ವ ಒತ್ತ ಕೊಡ್ರಿ.”

ಕೊಟ್ಟೆ. ಚಿತ್ರದ ವಿವರಣೆ ಫೋನು ಓದಲಿಕ್ಕೆ ಮಾತ್ರ, ಅಚ್ಚಾದ ಪುಟದಲ್ಲಿ ಆ ಸಾಲೇ ಇರುವುದಿಲ್ಲ. ಕಣ್ಣಿದ್ದವರಾರಿಗೂ ಆ ಒತ್ತು ಎಂದೂ ಕಾಣುವುದಿಲ್ಲ. ಆದರೂ ಅದು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿದೆ.

ಏಳುವಾಗ ಅಕ್ಕೋರು, “ನಿಮ್ಮ ಅಂಗಡಿ ಹೆಸರು ಕೊನೀ ಪುಟದಾಗ ಓದೂವಂಗ ಮಾಡ್ರಿ. ಒಮ್ಮೆ ಸಾಕ್ರಿ ಮತ್ತ” ಎಂದರು. ಮಾಡಿದೆ. ‘ಸೊಬಗು’ ಎಂಬುದರಲ್ಲಿ ಒತ್ತಕ್ಷರವಿಲ್ಲದ್ದು ನನ್ನ ಪುಣ್ಯ.