ಹಲ್ಲು ಬರುವ ಹಿಟ್ಟು

ಶನಿವಾರ ಬೆಳಿಗ್ಗೆ ನಾನು ಎರಡನೇ ಲೋಟ ಕಾಫಿಗೆ ಕಾಯುತ್ತಿದ್ದಾಗ ಚನ್ನಕೇಶವ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದು, ಅದನ್ನು ನಾನು ಓದುತ್ತಿದ್ದ ಪೇಪರಿನ ಮೇಲೆಯೇ ಇಟ್ಟ. ಚನ್ನಕೇಶವ ನನ್ನ ಹೆಂಡತಿ ವಿಶಾಲುವಿನ ಅಣ್ಣ. ಹೈಸ್ಕೂಲಿನಲ್ಲಿ ನಾನೂ ಅವನೂ ಒಂದೇ ಬೆಂಚು. ಈಗ ನಾನು ಅವನನ್ನು ಭಾವ ಎನ್ನುತ್ತೇನೆ, ಅವನೂ ನನ್ನನ್ನು ಭಾವ ಎನ್ನುತ್ತಾನೆ. ಯಾರು ಯಾರಿಗೆ ಮರ್ಯಾದೆ ಕೊಡಬೇಕು ಎಂಬುದು ಮೂವತ್ತು ವರ್ಷಗಳಿಂದ ಇತ್ಯರ್ಥವಾಗಿಲ್ಲ. ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವನು ಅದನ್ನು ಮಗಳು ಅಳಿಯನಿಗೆ ವಹಿಸಿ ಸಂಶೋಧನೆಗೆ ಇಳಿದಿದ್ದಾನೆ. ಅವನು ಕಂಡುಹಿಡಿದ ತಾನೇ ತಿರುಗುವ ಸೌಟು ನಮ್ಮ ಅಡುಗೆಮನೆಯ ಸೂರಿಗೆ ಎರಚಿದ ಹುಳಿ, ಎರಡು ಸಲ ಸುಣ್ಣ ಹೊಡೆಸಿದರೂ ಹೋಗಿಲ್ಲ.

ಡಬ್ಬಿಯಲ್ಲಿ ಬೂದು ಬಣ್ಣದ ಹಿಟ್ಟು ಇತ್ತು. ಕೊಬ್ಬರಿ ಹಿಂಡಿಯ ವಾಸನೆ. ಅವನು ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ನನ್ನ ಅಂಗೈಯಲ್ಲಿಟ್ಟು, ನಿಪ್ಪಟ್ಟಿನ ಹಾಗೆ ತಟ್ಟು ಎಂದ. ತಟ್ಟಿದೆ. ಒಂದು ನಿಮಿಷವೂ ಆಗಿರಲಿಲ್ಲ, ಅಂಗೈಯಲ್ಲಿ ಕಚಗುಳಿ ಶುರುವಾಯಿತು. ನೋಡಿದರೆ ನಿಪ್ಪಟ್ಟಿನ ಅಂಚಿನ ಸುತ್ತಲೂ ಹಲ್ಲು ಮೊಳೆಯುತ್ತಿದೆ! ಒಂದೇ ಅಳತೆಯ, ಒಂದೇ ಎತ್ತರದ ಇಪ್ಪತ್ತು ಹಲ್ಲುಗಳು. ಅಚ್ಚುಕಟ್ಟಾದ ಗೇರು ಚಕ್ರ.

ಅವನು ಇನ್ನೊಂದನ್ನು ತಟ್ಟಿ ನನ್ನದರ ಪಕ್ಕದಲ್ಲಿಟ್ಟ. ನನ್ನದು ಬಲಕ್ಕೆ ತಿರುಗತೊಡಗಿತು, ಅವನದು ಎಡಕ್ಕೆ. ಒಂದು ಗೇಣು ದೂರ ಸರಿಸಿದರೂ ಅಷ್ಟೆ. ಮಾತು ಬಿಟ್ಟ ವಾರಗಿತ್ತಿಯರ ಹಾಗೆ, ಪಕ್ಕದವಳು ಏನು ಮಾಡುತ್ತಾಳೆಂದು ನೋಡಿಕೊಂಡು ಅದಕ್ಕೆ ಉಲ್ಟಾ ಮಾಡುವುದೇ ಅವುಗಳ ಸ್ವಭಾವ. ಬ್ಯಾಟರಿ ಎಲ್ಲಿ ಎಂದು ಕೇಳಿದೆ. ಬ್ಯಾಟರಿ ಬೇಡ, ಅಂಗೈ ಬಿಸಿ ಸಾಕು, ಗುಂಡಗಿರೋ ಅಂಚು ಸಿಕ್ಕಿದರೆ ಹಿಟ್ಟಿನೊಳಗಿನ ಕಣಗಳು ತಾವೇ ಹಲ್ಲು ಬಿಡುತ್ತವೆ, ತಣ್ಣೀರು ತಾಗಿದರೆ ಉದುರುತ್ತವೆ ಎಂದು ಅರ್ಧ ಗಂಟೆ ವಿವರಿಸಿದ. ನನಗೆ ಅರ್ಥವಾಗಲಿಲ್ಲ. ಕಾಫಿಯೂ ಬರಲಿಲ್ಲ, ಏಕೆಂದರೆ ವಿಶಾಲು ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಅವಳ ಕಷ್ಟವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯ ಮಹಿಳಾ ಸಮಾಜದ ಶಿಶುವಿಹಾರದಲ್ಲಿ ವಿಶಾಲು ಇಪ್ಪತ್ತೆರಡು ವರ್ಷಗಳಿಂದ ಟೀಚರ್. ಈ ವರ್ಷ ಮಕ್ಕಳು ಹನ್ನೊಂದೇ. ಹದಿನೈದು ಆಗದಿದ್ದರೆ ಶಿಶುವಿಹಾರ ಮುಚ್ಚಿ ಆ ಹಾಲ್‌ನಲ್ಲಿ ಬ್ಯೂಟಿಷಿಯನ್ ತರಬೇತಿ ಶುರುಮಾಡುವುದು ಎಂದು ಸಮಾಜದ ಅಧ್ಯಕ್ಷೆ ಕಾತ್ಯಾಯಿನಮ್ಮನವರು ಠರಾವು ಮಾಡಿಸಿದ್ದರು. ಸೋಮವಾರ ಅವರೇ ಬಂದು ತಲೆ ಎಣಿಸುವವರಿದ್ದರು. ಮಕ್ಕಳನ್ನು ಸೇರಿಸಬೇಕೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದ ನಾಲ್ವರು ತಾಯಂದಿರನ್ನು ವಿಶಾಲು ಅಂದೇ ಕರೆದಿದ್ದಳು. ಮಕ್ಕಳು ಸೋಡಾ ಬಾಟಲಿಯ ಮುಚ್ಚಳಗಳನ್ನು ಹಲಗೆಗೆ ಮೊಳೆ ಹೊಡೆದು, ಒಂದಕ್ಕೊಂದು ಹಲ್ಲು ಕೂರಿಸಿ ಗೇರು ಮಾಡುವುದನ್ನು ತೋರಿಸಬೇಕೆಂದು ಅವಳ ಯೋಚನೆ. ಅದು ಒಳ್ಳೆಯ ಪಾಠವೇ. ಆದರೆ ಮೊಳೆಗಿಂತ ಹೆಚ್ಚು ಪೆಟ್ಟು ಬೆರಳಿಗೆ ಬೀಳುತ್ತಿತ್ತು.

“ಮೊಳೆ ಸುತ್ತಿಗೆ ಎಲ್ಲ ಬಿಸಾಕು ವಿಶಾಲು,” ಎಂದ ಚನ್ನಕೇಶವ. “ನಿಪ್ಪಟ್ಟು ತಟ್ಟಕ್ಕೆ ಬಂದ್ರೆ ಆಯ್ತು, ಗೇರು ಬಂದಂಗೆ.”

“ಏನೂ ಎಡವಟ್ಟಾಗಲ್ಲ ತಾನೆ ಅಣ್ಣಯ್ಯ?”

“ಎಲ್ಲಾ ಲೆಕ್ಕ ಹಾಕಿದೀನಿ.”

ಈ ಮಾತನ್ನು ಸೌಟಿನ ಸಂದರ್ಭದಲ್ಲೂ ಹೇಳಿದ್ದ. ನಾನು ಅಡುಗೆಮನೆಯ ಸೂರಿನ ಕಡೆ ನೋಡಿದೆ. ವಿಶಾಲು ನೋಡಲಿಲ್ಲ.

ಸೋಮವಾರ ಹತ್ತು ಗಂಟೆಗೆ ಶಿಶುವಿಹಾರದಲ್ಲಿ ಪಾಠ ಶುರುವಾಯಿತು. ಸುಳ್ಳೇಕೆ ಹೇಳಲಿ, ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ಇತ್ತು. ಹನ್ನೊಂದು ಮಕ್ಕಳು ಹನ್ನೊಂದು ನಿಪ್ಪಟ್ಟು ತಟ್ಟಿದರು. ಹಲ್ಲು ಬಂದಾಗ ಕಿರುಚಿದರು. ಉದ್ದ ಬೆಂಚಿನ ಮೇಲೆ ಸಾಲಾಗಿ ಇಟ್ಟರೆ ಒಂದು ಬಲಕ್ಕೆ, ಒಂದು ಎಡಕ್ಕೆ, ಮತ್ತೆ ಬಲಕ್ಕೆ ಎಂದು ಹನ್ನೊಂದೂ ತಿರುಗಿದವು. ದೊಡ್ಡದು ನಿಧಾನ, ಚಿಕ್ಕದು ಜೋರು. ಚಿನ್ಮಯಿ ಎಂಬ ನಾಲ್ಕು ವರ್ಷದ ಹುಡುಗಿಯಂತೂ ಮಧ್ಯದಲ್ಲಿ ಒಂದು ತೆಗೆಯುವುದು, ಒಂದು ಸೇರಿಸುವುದು, ಕೊನೆಯದು ಯಾವ ಕಡೆ ತಿರುಗುತ್ತದೆ ಎಂದು ಬಗ್ಗಿ ನೋಡುವುದು, ಇದರಲ್ಲೇ ಮುಳುಗಿದ್ದಳು. ನಾಲ್ವರು ತಾಯಂದಿರು ತಮ್ಮ ಮಕ್ಕಳನ್ನೂ ಬೆಂಚಿನ ಹತ್ತಿರ ಬಿಟ್ಟರು. ಅರ್ಜಿ ಫಾರಂ ಎಲ್ಲಿ ಎಂದು ಒಬ್ಬಾಕೆ ಕೇಳಿಯೂ ಕೇಳಿದರು.

ಚನ್ನಕೇಶವ ಎಲ್ಲಾ ಲೆಕ್ಕ ಹಾಕಿದ್ದ, ಒಂದನ್ನು ಬಿಟ್ಟು. ಮಕ್ಕಳು ಕೈ ಒರೆಸಿಕೊಳ್ಳುತ್ತಾರೆ. ಬಟ್ಟೆಗೆ ಮಾತ್ರವಲ್ಲ, ಕೈಗೆ ಸಿಕ್ಕಿದ್ದಕ್ಕೆಲ್ಲ ಒರೆಸುತ್ತಾರೆ. ತಿಂಡಿ ಡಬ್ಬಿಯ ಮುಚ್ಚಳಕ್ಕೆ, ಅಮ್ಮಂದಿರ ಬಳೆಗೆ, ಆರತಿ ತಟ್ಟೆಗೆ, ಕುಂಕುಮದ ತಟ್ಟೆಗೆ ಒರೆಸಿದ್ದರು. ಕೈ ತೊಳೆಯಲು ಅಂಗಳದ ನಲ್ಲಿಗೆ ಹೋದವರು ಪಕ್ಕದಲ್ಲಿ ಬಿಸಿಲಿಗೆ ಕಾಯುತ್ತಿದ್ದ ನನ್ನ ಸ್ಕೂಟರಿನ ಚಕ್ರಗಳಿಗೂ ಒರೆಸಿದ್ದರು.

ಕಾತ್ಯಾಯಿನಮ್ಮನವರ ಕಾರು ಬಂತು. ಅವರೇ ಓಡಿಸಿಕೊಂಡು ಬಂದು ಸ್ಕೂಟರಿನ ಪಕ್ಕ ನಿಲ್ಲಿಸಿ ಇಳಿದರು. ವಿಶಾಲು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು, ಪಕ್ಕದಲ್ಲಿ ಕುಂಕುಮದ ತಟ್ಟೆ ಹಿಡಿದು ಚಿನ್ಮಯಿ. ಅಧ್ಯಕ್ಷೆ ಹೊಸಿಲು ದಾಟಲು ಬಲಗಾಲು ಎತ್ತಿದರು. ಅಷ್ಟರಲ್ಲಿ ಚಿನ್ಮಯಿಯ ಕೈಯಲ್ಲಿ ಕುಂಕುಮದ ತಟ್ಟೆ ಬಲಕ್ಕೆ ತಿರುಗತೊಡಗಿತು. ಅದಕ್ಕೆ ಉತ್ತರವಾಗಿ ವಿಶಾಲುವಿನ ಕೈಯಲ್ಲಿ ಆರತಿ ತಟ್ಟೆ, ದೀಪದ ಸಮೇತ, ಎಡಕ್ಕೆ ತಿರುಗಿತು!

ಆರತಿ ಎಡಕ್ಕೆ ತಿರುಗುವುದು ಯಾವ ಮನೆಯ ಯಾವ ಸಂದರ್ಭದಲ್ಲಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾತ್ಯಾಯಿನಮ್ಮನವರು ಎತ್ತಿದ ಕಾಲನ್ನು ಇಳಿಸಲಿಲ್ಲ.

“ಏನಮ್ಮ ವಿಶಾಲು ಇದು, ನಾನಿನ್ನೂ ಬದುಕಿದ್ದೀನಿ,” ಎಂದರು.

ಚನ್ನಕೇಶವ ಸುಮ್ಮನಿರಬಾರದೇ? ಮುಂದೆ ಬಂದು, ಪಕ್ಕಪಕ್ಕದ ಎರಡು ಚಕ್ರ ಒಂದೇ ಕಡೆ ತಿರುಗಲು ಸಾಧ್ಯವೇ ಇಲ್ಲ, ಇದು ಪ್ರಕೃತಿ ನಿಯಮ, ಇದರಲ್ಲಿ ಶುಭ ಅಶುಭ ನೋಡಬಾರದು ಎಂದು ಭಾಷಣ ಹಿಡಿದ. ಪ್ರಕೃತಿ ನಿಯಮವನ್ನು ನಿನ್ನ ಮನೆ ಬಾಗಿಲಲ್ಲಿ ಇಟ್ಟುಕೋ ಎಂದರು ಅವರು, ಒಂಟಿ ಕಾಲಿನಲ್ಲಿ ನಿಂತೇ. ನಾನು ತಟ್ಟೆ ಹಿಡಿದು ನಿಲ್ಲಿಸಲು ಹೋಗಿ ಬೆರಳು ಸುಟ್ಟುಕೊಂಡೆ. ವಿಶಾಲುವಿನ ಕಣ್ಣಲ್ಲಿ ನೀರು ತುಂಬಿತ್ತು.

ಆಗ ಚಿನ್ಮಯಿ ತನ್ನ ಫ್ರಾಕಿನ ಜೇಬಿನಿಂದ ಒಂದು ನಿಪ್ಪಟ್ಟು ತೆಗೆದು, ಎರಡು ತಟ್ಟೆಗಳ ನಡುವೆ ಹಿಡಿದಳು.

“ಮಧ್ಯ ಒಂದ್ ಹಾಕ್ಬೇಕು ಅಜ್ಜಿ,” ಎಂದಳು.

ಕುಂಕುಮ ಬಲಕ್ಕೆ, ನಿಪ್ಪಟ್ಟು ಎಡಕ್ಕೆ, ಆರತಿ ಬಲಕ್ಕೆ! ಕಾತ್ಯಾಯಿನಮ್ಮನವರು ಕಾಲು ಇಳಿಸಿದರು. ಹುಡುಗಿಯ ಕೆನ್ನೆ ತಟ್ಟಿದರು. ತಟ್ಟಿದ ಕೈಯಲ್ಲೇ ಕನ್ನಡಕ ಸರಿಮಾಡಿಕೊಂಡರು. ಚಿನ್ಮಯಿಯ ಕೆನ್ನೆಯಲ್ಲಿ ಏನು ಮೆತ್ತಿತ್ತು ಎಂದು ಯಾರೂ ಗಮನಿಸಿರಲಿಲ್ಲ.

ಇಷ್ಟರಲ್ಲಿ ಒಳಗೆ ಎಲ್ಲವೂ ಬಿಸಿಯಾಗಿತ್ತು. ತಿಂಡಿ ಡಬ್ಬಿಗಳ ಮುಚ್ಚಳ ಹಲ್ಲು ಬಿಟ್ಟುಕೊಂಡು ನೆಲದ ಮೇಲೆ ಉರುಳಾಡುತ್ತಿದ್ದವು. ಇಬ್ಬರು ತಾಯಂದಿರ ಬಳೆಗಳು ಹಲ್ಲಿಗೆ ಹಲ್ಲು ಕೂತು, ಅವರು ಬೇಡವೆಂದರೂ ಬಿಡದೆ ಕೈಕುಲುಕುತ್ತಿದ್ದವು. ಅವರಿಬ್ಬರಿಗೂ ಬೀದಿ ನಲ್ಲಿಯ ನೀರಿನ ವಿಷಯದಲ್ಲಿ ಹಿಂದೆ ಮಾತಿಗೆ ಮಾತು ಬೆಳೆದಿತ್ತಂತೆ, ಹಾಗಾಗಿ ಇನ್ನೂ ಕಷ್ಟವಾಯಿತು. ಅಂಗಳದಲ್ಲಿ ನನ್ನ ಸ್ಕೂಟರ್ ಸ್ಟ್ಯಾಂಡ್ ಕೆಡವಿಕೊಂಡು ಹಿಂದಕ್ಕೆ ಹೊರಟಿತು. ಚಕ್ರಕ್ಕೆ ಚಕ್ರ ತಾಗಿಸಿಕೊಂಡು ನಿಂತಿದ್ದ ಅಧ್ಯಕ್ಷೆಯ ಕಾರು, ಅದಕ್ಕೆ ಉಲ್ಟಾ ಎಂಬಂತೆ, ಮುಂದಕ್ಕೆ ಹೊರಟಿತು. ಸ್ಕೂಟರ್ ಚರಂಡಿಗೆ ಇಳಿಯಿತು. ಕಾರು ದಾಸವಾಳದ ಬೇಲಿಯಲ್ಲಿ ಮೂತಿ ತೂರಿಸಿ ನಿಂತಿತು. ನಾಲ್ವರು ತಾಯಂದಿರೂ ತಂತಮ್ಮ ಮಕ್ಕಳನ್ನು ಎತ್ತಿಕೊಂಡು ಹೊರಟೇಹೋದರು. ಕೈಕುಲುಕುತ್ತಿದ್ದ ಇಬ್ಬರು ಜೊತೆಯಾಗಿಯೇ ಹೋದರು, ಬೇರೆ ದಾರಿ ಇರಲಿಲ್ಲ.

ಕಾತ್ಯಾಯಿನಮ್ಮನವರು ಮಾತ್ರ ಇದೊಂದನ್ನೂ ಸರಿಯಾಗಿ ನೋಡಲಿಲ್ಲ. ಅವರ ಕನ್ನಡಕದ ದುಂಡನೆಯ ಗಾಜುಗಳು ಫ್ರೇಮಿನೊಳಗೇ ತಿರುಗುತ್ತಿದ್ದವು, ಒಂದು ಬಲಕ್ಕೆ, ಒಂದು ಎಡಕ್ಕೆ. ಓದುವ ಗಾಜು ಮೇಲೆ ಹೋಗುತ್ತಿತ್ತು, ದೂರದ ಗಾಜು ಕೆಳಗೆ ಬರುತ್ತಿತ್ತು. ಅವರು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಮಕ್ಕಳನ್ನು ಎಣಿಸಿದರು. ಎರಡು ಸಲ ಎಣಿಸಿದರು.

“ಇಪ್ಪತ್ತೆರಡು ಇದಾವಲ್ಲಮ್ಮ,” ಎಂದರು. “ಯಾರು ಹೇಳಿದ್ದು ಹನ್ನೊಂದು ಅಂತ?”

ಪೆನ್ನು ಅವರ ಕೈಯಲ್ಲಿತ್ತು, ರಿಜಿಸ್ಟರ್ ತೊಡೆಯ ಮೇಲಿತ್ತು. ಬರೆದು ಸಹಿ ಹಾಕಿದರೆ ಮುಗಿಯಿತು, ಇನ್ನೊಂದು ವರ್ಷ ಶಿಶುವಿಹಾರ ಉಳಿಯುತ್ತದೆ. ಚನ್ನಕೇಶವ ನನ್ನ ಕಾಲು ತುಳಿದ. ಜೀವಮಾನದಲ್ಲಿ ಮೊದಲ ಸಲ ನಾನೂ ಅವನೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದೆವು.

ವಿಶಾಲು ಮಕ್ಕಳ ಕಡೆ ನೋಡಿದಳು. ಅವು ಅವಳನ್ನೇ ನೋಡುತ್ತಿದ್ದವು. ಅವಳು ಮೂಲೆಯ ಮಡಕೆಯಿಂದ ಒಂದು ಲೋಟ ತಣ್ಣೀರು ತಂದು, ಅಧ್ಯಕ್ಷೆಯ ಕನ್ನಡಕವನ್ನು ಮೆಲ್ಲನೆ ತೆಗೆದು ಅದ್ದಿದಳು. ಗಾಜಿನ ಹಲ್ಲುಗಳು ಕಳಚಿ ತಳಕ್ಕೆ ಉದುರಿದವು. ಒರೆಸಿ ಮತ್ತೆ ಹಾಕಿದಳು.

“ಹನ್ನೊಂದೇ ಮೇಡಂ. ಇನ್ನೊಂದ್ಸಲ ಎಣಿಸಿ,” ಎಂದಳು.

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಎರಡೂ ಒಟ್ಟಿಗೆ ಬಂದದ್ದರಿಂದ ಚನ್ನಕೇಶವನ ಕಾಲನ್ನು ತಿರುಗಿ ತುಳಿದೆ. ಕಾತ್ಯಾಯಿನಮ್ಮನವರು ಎಣಿಸಿ, ನಿಟ್ಟುಸಿರು ಬಿಟ್ಟು, ನನಗೂ ಬೇಜಾರೇ ಕಣಮ್ಮ, ಆದರೆ ಠರಾವು ಠರಾವೇ ಎಂದು ಪೆನ್ನಿನ ಕ್ಯಾಪು ತೆಗೆದರು.

ಆಗಲೇ ‘ಕರಂ’ ಎಂದು ಸದ್ದಾಯಿತು.

ಎಲ್ಲರೂ ತಿರುಗಿ ನೋಡಿದೆವು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ನಮ್ಮ ಅತ್ತೆ, ಅಂದರೆ ವಿಶಾಲು ಮತ್ತು ಚನ್ನಕೇಶವನ ತಾಯಿ ಪುಟ್ಟಗೌರಮ್ಮನವರು ಕುಳಿತಿದ್ದರು. ಮಗನ ಪ್ರತಾಪ ನೋಡಲೆಂದು ಬಂದಿದ್ದರು. ವಯಸ್ಸು ಎಂಬತ್ತೆರಡು. ಬಾಯಲ್ಲಿ ಒಂದೂ ಹಲ್ಲಿಲ್ಲದೆ ಒಂಬತ್ತು ವರ್ಷವಾಗಿತ್ತು, ಅಂದಿನಿಂದ ಹಿಚುಕಿದ ಅನ್ನವೇ ಗತಿ. ಈಗ ನೋಡಿದರೆ ಅತಿಥಿಗಳಿಗೆಂದು ಇಟ್ಟಿದ್ದ ಕೋಡುಬಳೆಯನ್ನು ಕಡಿಯುತ್ತಿದ್ದಾರೆ!

ಕೊಬ್ಬರಿ ವಾಸನೆ ಬಂತೆಂದು ಮಿಠಾಯಿ ಎಂದುಕೊಂಡು ಒಂದು ಉಂಡೆ ಹಿಟ್ಟನ್ನು ಬಾಯಿಗೆ ಹಾಕಿಕೊಂಡಿದ್ದರಂತೆ. ಬಾಯಿ ಬಿಸಿ. ಒಸಡು ಗುಂಡಗಿನ ಅಂಚು. ಹಿಟ್ಟಿಗೆ ಇನ್ನೇನು ಬೇಕು? ಮೇಲೆ ಇಪ್ಪತ್ತು, ಕೆಳಗೆ ಇಪ್ಪತ್ತು ಹಲ್ಲು ಬಿಟ್ಟಿತ್ತು. ಮೇಲಿನ ಸಾಲು ಬಲಕ್ಕೆ ಸರಿದರೆ ಕೆಳಗಿನದು ಎಡಕ್ಕೆ ಸರಿಯುತ್ತಿತ್ತು. ಅತ್ತೆ ಏನೂ ಶ್ರಮ ಪಡಬೇಕಾಗಿರಲಿಲ್ಲ, ಕೋಡುಬಳೆ ಇಟ್ಟರೆ ಸಾಕು, ಬೀಸುವ ಕಲ್ಲಿಗೆ ಹಾಕಿದಂತೆ ಪುಡಿಯಾಗಿ ಒಳಗೆ ಹೋಗುತ್ತಿತ್ತು.

ಚನ್ನಕೇಶವ ಹೆದರಿ ಅವರಿಗೆ ತಣ್ಣೀರು ಕುಡಿಸಿದ. ಅಷ್ಟೂ ಹಲ್ಲು ಉದುರಿ ಮಡಿಲಿಗೆ ಬಿದ್ದವು. ಅತ್ತೆ ಮಗನನ್ನು ದುರುಗುಟ್ಟಿ ನೋಡಿ, ಕೈ ಚಾಚಿದರು.

“ಇನ್ನೊಂದು ಉಂಡೆ ಕೊಡೋ. ಕೋಡುಬಳೆ ಇನ್ನೂ ಅರ್ಧ ಇದೆ.”

ಕಾತ್ಯಾಯಿನಮ್ಮನವರು ಎದ್ದು ಅತ್ತೆಯ ಹತ್ತಿರ ಹೋದರು. ಬಾಯಲ್ಲಿ ಮತ್ತೆ ಹಲ್ಲು ಮೊಳೆಯುವುದನ್ನು ಸರಿಹೋದ ಕನ್ನಡಕದಲ್ಲಿ ಬಗ್ಗಿ ನೋಡಿದರು. ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಒಮ್ಮೆ ಸರಿಸಿಕೊಂಡು, ನೋವಾಗುತ್ತಾ ಎಂದು ಪಿಸುಗುಟ್ಟಿ ಕೇಳಿದರು. ಕಚಗುಳಿ ಅಷ್ಟೆ ಎಂದರು ಅತ್ತೆ.

ಆಮೇಲೆ ಅಧ್ಯಕ್ಷೆ ಬೀರುವಿನಿಂದ ಶಿಶುವಿಹಾರದ ಹಳೆಯ ನಿಯಮಾವಳಿ ತೆಗೆಸಿದರು. ಅದು ಬರೆದ ಕಾಲದಲ್ಲಿ ಹುಟ್ಟಿದ ತಾರೀಕು ಯಾರಿಗೂ ನೆನಪಿರುತ್ತಿರಲಿಲ್ಲ. ಹಾಗಾಗಿ ವಯಸ್ಸಿನ ಬದಲು ‘ಹಲ್ಲು ಹುಟ್ಟಿ ಬೀಳುವ ಪ್ರಾಯದವರಿಗೆ ಪ್ರವೇಶ’ ಎಂದು ಬರೆದಿದ್ದರು. ಅವರು ಅದನ್ನು ಗಟ್ಟಿಯಾಗಿ ಎರಡು ಸಲ ಓದಿದರು. ಅತ್ತೆಯ ಮಡಿಲಲ್ಲಿ ಬಿದ್ದಿದ್ದ ಹಲ್ಲುಗಳನ್ನು ನೋಡಿದರು, ಬಾಯಲ್ಲಿ ಹುಟ್ಟುತ್ತಿದ್ದುದನ್ನೂ ನೋಡಿದರು. ರಿಜಿಸ್ಟರಿನಲ್ಲಿ ಹನ್ನೆರಡನೇ ಹೆಸರು ಪುಟ್ಟಗೌರಮ್ಮ ಎಂದು ಬರೆದರು. ಹದಿಮೂರನೆಯದು ತಮ್ಮದೇ ಬರೆದರು. ಸಂಜೆಯೊಳಗೆ ಅತ್ತೆಯ ಭಜನಾ ಮಂಡಳಿಯಿಂದ ಇನ್ನಿಬ್ಬರು ಬಂದು ಸಾಲಿನಲ್ಲಿ ನಿಂತರು. ವಿಶಾಲು ಹದಿನೈದನೇ ಹೆಸರು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ.

ಈಗ ಶಿಶುವಿಹಾರದಲ್ಲಿ ಮೂವತ್ತು ಜನ. ಹನ್ನೊಂದು ಮಂದಿ ಆರು ವರ್ಷದ ಕೆಳಗಿನವರು, ಹತ್ತೊಂಬತ್ತು ಮಂದಿ ಎಪ್ಪತ್ತರ ಮೇಲಿನವರು. ಚಿನ್ಮಯಿ ಅಜ್ಜಿಯರಿಗೆ ಗೇರು ಪಾಠ ಹೇಳುತ್ತಾಳೆ. ತೊಂದರೆ ಒಂದೇ. ಅಜ್ಜಿಯರು ದುಂಡಗೆ ಕೂತರೆ ಒಬ್ಬರ ದವಡೆ ಬಲಕ್ಕೆ, ಪಕ್ಕದವರದು ಎಡಕ್ಕೆ ಎಂದು ಎಲ್ಲರ ಬಾಯಿಯೂ ಅರೆಯತೊಡಗುತ್ತದೆ. ಆ ಸದ್ದಿನಲ್ಲಿ ಪಾಠ ಕೇಳಿಸುವುದಿಲ್ಲ. ಇದಕ್ಕೂ ಚಿನ್ಮಯಿಯೇ ಉಪಾಯ ಕಂಡುಹಿಡಿದಳು. ವೃತ್ತದಲ್ಲಿ ಬೆಸ ಸಂಖ್ಯೆಯ ಜನರಿದ್ದರೆ ಕೊನೆಯವರು ಬಲಕ್ಕೆ ತಿರುಗಬೇಕೋ ಎಡಕ್ಕೆ ತಿರುಗಬೇಕೋ ತಿಳಿಯದೆ ಹತ್ತೊಂಬತ್ತು ಬಾಯಿಗಳೂ ಒಟ್ಟಿಗೆ ಕಚ್ಚಿಕೊಂಡು ನಿಲ್ಲುತ್ತವೆ. ಆಗ ಇಡೀ ಹಾಲ್‌ನಲ್ಲಿ ಒಬ್ಬರೂ ಮಾತಾಡುವುದಿಲ್ಲ, ಕಾತ್ಯಾಯಿನಮ್ಮನವರೂ ಸೇರಿ. ಬಡಾವಣೆಯ ಸೊಸೆಯಂದಿರು ಚನ್ನಕೇಶವನಿಗೆ ಸನ್ಮಾನ ಮಾಡಬೇಕೆಂದಿದ್ದಾರೆ.

ಆದರೆ ಯಾರಾದರೊಬ್ಬರು ಗೈರುಹಾಜರಾದರೆ ಲೆಕ್ಕ ಸಮವಾಗಿ, ಮತ್ತೆ ಸದ್ದು ಶುರುವಾಗುತ್ತದೆ. ಅಂಥ ದಿನಗಳಲ್ಲಿ ವಿಶಾಲು ಊಟಕ್ಕೆ ಬಡಿಸುತ್ತಾ ನನ್ನ ಬಾಯಿಯನ್ನೇ ದಿಟ್ಟಿಸುತ್ತಿರುತ್ತಾಳೆ. ನನ್ನ ಬಾಯಲ್ಲಿ ಇನ್ನೂ ಇಪ್ಪತ್ತೆಂಟು ಸ್ವಂತ ಹಲ್ಲುಗಳಿವೆ ಎಂದು ಈ ಮೂಲಕ ಎಲ್ಲರಿಗೂ ತಿಳಿಸುತ್ತಿದ್ದೇನೆ.