ನಮ್ಮನೆಯವರ ಗಡಿಯಾರದ ಉಪವಾಸ

ಗಂಡಸರು ಉಪವಾಸ ಹಿಡಿದರೆ ಒಲೆಗೆ ಬಿಡುವು ಸಿಗುತ್ತದೆ ಎಂದುಕೊಂಡಿದ್ದರೆ ನಿಮಗಿನ್ನೂ ಮದುವೆಯಾಗಿಲ್ಲ. ನಮ್ಮನೆಯಲ್ಲಂತೂ ದಿನಕ್ಕೊಂದು ಫಜೀತಿ.

ಸಿಂದಗಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮನೆಯವರು ಗಾದಿಯಿಂದ ಏಳುವುದು ಊಟಕ್ಕೆ ಮಾತ್ರ. ಡಾಕ್ಟರು ರಕ್ತದ ವರದಿ ನೋಡಿ ಹೇಳಿದರು: "ಸಕ್ರಿ ಬ್ಯಾನಿ ಬಾಗಲಕ್ಕ ಬಂದು ನಿಂತೈತ್ರಿ. ಒಂದ್ ತಿಂಗಳದಾಗ ತೂಕ ಇಳಸ್ರಿ, ಇಲ್ಲಂದ್ರ ಗುಳಗಿ ಚಾಲೂ. ಉಳಿದ ಹೊತ್ತು ಉಪವಾಸ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗ ಅಷ್ಟ ಉಣ್ರಿ."

ಇದೇ ಕಾಯಿಲೆಗೆ ನಮ್ಮ ಮಾವನವರ ಕಾಲು ತೆಗೆದದ್ದನ್ನು ಕಣ್ಣಾರೆ ಕಂಡವಳು ನಾನು. ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದೆ. ಇವರಿಗೆ ಮಾತ್ರ ಕಡೆಯ "ಉಣ್ರಿ" ಒಂದೇ ಕೇಳಿಸಿತ್ತು.

೧. ಒಪ್ಪೊತ್ತು

ಹನ್ನೆರಡಕ್ಕೆ ರೊಟ್ಟಿ, ಎಣ್ಣೆಗಾಯಿ. ಅದು ಇಳಿಯುವ ಮೊದಲೇ ಗಿರಮಿಟ್ಟು. ಅದರ ಬೆನ್ನಿಗೆ ಮಿರ್ಚಿ ಭಜಿ.

"ಇದೆಂಥಾ ಉಪವಾಸ್ರೀ?"

"ಟೈಮಿನ್ಯಾಗ ಐತಿಲ್ಲ? ಸುಮ್ಮ ಕರಿ."

ಪಕ್ಕದ ಮನೆಯ ಅಕ್ಕಾರು ಕೇಳಿದರು, "ನಿಮ್ಮನಿಯವ್ರು ಈಗ ದಿನಕ್ಕ ಎಷ್ಟ್ ಸಲ ಉಣ್ತಾರ್ರಿ?"

"ಒಂದ ಸಲ್ರಿ ಅಕ್ಕಾರ. ಹನ್ನೆರಡಕ್ಕ ಕುಂತವ್ರು ಎಂಟಕ್ಕ ಏಳ್ತಾರ."

೨. ಗೋಡೆ ಗಡಿಯಾರ

ನಮ್ಮ ಗೋಡೆ ಗಡಿಯಾರಕ್ಕೆ ಏನೋ ರೋಗ ಬಡಿಯಿತು. ಬೆಳಿಗ್ಗೆ ಅರ್ಧ ತಾಸು ಮುಂದೆ ಓಡುತ್ತಿತ್ತು, ಸಂಜೆ ಅರ್ಧ ತಾಸು ಹಿಂದೆ ಬೀಳುತ್ತಿತ್ತು. ಹೊಸ ಸೆಲ್ ಹಾಕಿದೆ, ರಿಪೇರಿಯವನಿಗೂ ತೋರಿಸಿದೆ. ಕಡೆಗೊಂದು ದಿನ ಇವರೇ ಸ್ಟೂಲ್ ಹತ್ತಿ ಮುಳ್ಳು ತಿರುಗಿಸುವುದನ್ನು ಹಿಡಿದೆ.

"ಏನ್ ಮಾಡಾಕತ್ತೀರಿ?"

ಸ್ಟೂಲಿನ ಮೇಲಿಂದಲೇ ಅಂದರು, "ವ್ಯಾಯಾಮನೂ ಮಾಡು ಅಂದಾರ ಡಾಕ್ಟ್ರು."

೩. ಏಕಾದಶಿ

"ಇವತ್ತ ಪೂರ್ತಿ ಉಪವಾಸ" ಎಂದಾಗ ದೇವರಿಗೆ ಕೈ ಮುಗಿದೆ. ಸ್ನಾನ ಮುಗಿಸಿ ಬಂದವರೇ ಸಾಬೂದಾಣಿ ಖಿಚಡಿ ಕೇಳಿದರು.

"ಹನ್ನೆರಡಾಗಿಲ್ಲಲ್ರೀ?"

"ಹನ್ನೆರಡರ ಲೆಕ್ಕ ಊಟಕ್ಕ. ಇದು ದೇವರದು."

ಖಿಚಡಿಯ ಮೇಲೆ ಶೇಂಗಾ ಉಂಡಿ, ಬಾಳೆಹಣ್ಣು, ತುಪ್ಪದಲ್ಲಿ ಹುರಿದ ಆಲೂಗಡ್ಡೆ, ಗಟ್ಟಿ ಹಾಲು. ಮರುದಿನ ದ್ವಾದಶಿ ಪಾರಣೆಗೆ ಹೋಳಿಗೆ ಬಡಿಸಿಕೊಳ್ಳುತ್ತಾ ನಿಟ್ಟುಸಿರು ಬಿಟ್ಟರು, "ನಿನ್ನಿ ಭಾಳ ನಿತ್ರಾಣ ಆತು."

೪. ಬೀಗರ ಪಂಕ್ತಿ

ಮುದ್ದೇಬಿಹಾಳದ ಬೀಗರ ಮನೆಯ ಸೀಮಂತದಲ್ಲಿ ಹನ್ನೊಂದಕ್ಕೇ ಎಲೆ ಹಾಕಿದರು. "ಇವ್ರು ಹನ್ನೆರಡರ ತನಕ ಉಣ್ಣಂಗಿಲ್ರಿ" ಎಂದು ನಾನು ಹೇಳಿದೆ. ಬೀಗರ ಮೋರೆ ಸಪ್ಪಗಾಯಿತು. ಇವರು ಕನಿಕರಪಟ್ಟು ಕೂತೇಬಿಟ್ಟರು. ಹನ್ನೆರಡರ ಪಂಕ್ತಿಯಲ್ಲಿ ನೋಡಿದರೆ ಮತ್ತೆ ಎಲೆಯ ಮುಂದಿದ್ದಾರೆ.

"ಈಗಷ್ಟ ಉಂಡ್ರಲ್ರೀ?"

"ಅದು ಬೀಗರ ಸಲುವಾಗಿ. ಇದು ಡಾಕ್ಟ್ರ ಸಲುವಾಗಿ."

೫. ಕಾಟಾ

ತಿಂಗಳಾಯಿತು. ದವಾಖಾನೆಯ ತೂಕದ ಕಾಟಾದ ಮೇಲೆ ಇವರು ನಿಂತರೆ ತೂಕ ಇಳಿಯುವುದಿರಲಿ, ಏರಿ ಕೂತಿತ್ತು. ಡಾಕ್ಟರು ಗುಳಿಗೆ ಬರೆಯತೊಡಗಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ನಿಮ್ಮ ಕಾಟಾ ಕೆಟ್ಟೈತ್ರಿ" ಎಂದರು ಇವರು.

ಕಾಟಾ ಪರೀಕ್ಷೆಗೆಂದು ಡಾಕ್ಟರು ನನ್ನನ್ನು ಹತ್ತಿಸಿದರು. ಹೋದ ತಿಂಗಳು ನಾನೂ ಹತ್ತಿ ನೋಡಿದ್ದೆ. ಈಗ ನನ್ನ ತೂಕ ಚೆನ್ನಾಗಿ ಇಳಿದಿತ್ತು.

"ಭಾಳ ಚಲೋ ಆತ್ರಿ ಅಕ್ಕಾರ. ನೀವ್ ಯಾರ ಉಪವಾಸ ಮಾಡಿದ್ರಿ, ಶಿವಂದೋ, ವಿಠ್ಠಲಂದೋ?"

"ಇವ್ರದ್ರಿ," ಅಂದೆ, "ಒಲಿ ಮುಂದ ನಿಂತು."